ಮತ್ತಿತರರು

ಬರೆಟ್ಟೊ ಡಾಕ್ಟರಿಗೆ ಬರುವ ಶುಕ್ರವಾರ ನಿವೃತ್ತಿ.
ಕಡತಕ್ಕೆ ಪ್ರಬಂಧಗಳ ಪಟ್ಟಿ ಬೇಕಂತೆ, ವರ್ಷವಾರು.
ಬಾಂಬೋಳಿ ಗುಡ್ಡದ ಈ ಕೋಣೆಯಲ್ಲಿ
ಫ್ಯಾನು ಹಾಕಿದರೆ ಹಾಳೆ ಹಾರುತ್ತವೆ,
ಆರಿಸಿದರೆ ನಾನು ಬೇಯುತ್ತೇನೆ.
ಸ್ಲೈಡಿನ ಮರದ ಪೆಟ್ಟಿಗೆಯನ್ನು ಭಾರಕ್ಕಿಟ್ಟು
ಟೈಪು ಮಾಡುತ್ತ ಕೂತಿದ್ದೇನೆ.

ಒಂದು: ಡಿಚೋಲಿಯ ಗಣಿಗಳಲ್ಲಿ ಅದಿರು ತುಂಬುವವರ ಶ್ವಾಸಕೋಶ.
ನಾಲ್ಕು: ವಾಸ್ಕೊ ಬಂದರಿನ ಹಮಾಲರಲ್ಲಿ ಕ್ಷಯ.
ಒಂಬತ್ತು: ಇಲಿಜ್ವರ ಮತ್ತು ಚರಂಡಿ ಕೆಲಸ, ಪ್ರಾಥಮಿಕ ವರದಿ.
ಇಸ್ತ್ರಿ ಮಾಡಿದ ಅಂಗಿಗಳ ಹಾಗೆ ಶೀರ್ಷಿಕೆಗಳು.
ಒಳಗೆ ಯಾರ ಮೈ ಬೆವರಿತ್ತೋ, ಗುರುತಿಲ್ಲ.

ಲೇಖಕರು: ಬರೆಟ್ಟೊ, ಕಾಕೋಡ್ಕರ್, ಮತ್ತಿತರರು.
ಆ ಮತ್ತಿತರರಲ್ಲಿ ನಾನೂ ಒಬ್ಬಳು,
ಇಳಕಲ್ಲಿನ ಅಪ್ಪನಿಗೆ ಝುವಾರಿನಗರದ ಚಾಳಿನಲ್ಲಿ ಹುಟ್ಟಿ
ಕೊಂಕಣಿಯಲ್ಲಿ ಜಗಳ, ಕನ್ನಡದಲ್ಲಿ ಲೆಕ್ಕ ಕಲಿತವಳು.
ಡಾಕ್ಟರ ಪ್ರಶ್ನೆಯನ್ನು ಸೆಂಟ್ರಿಂಗ್ ಹಲಗೆಯ ಕೆಳಗೆ ನಿಂತು
ಕೊಪ್ಪಳದ ಮಾತಿಗೆ ತಿರುಗಿಸುವುದು,
ಉತ್ತರ ಬರುವಷ್ಟರಲ್ಲಿ ಬೆರಳು ಚುಚ್ಚಿಬಿಡುವುದು,
ಇಪ್ಪತ್ತು ವರ್ಷ ಇದೇ ಕಸುಬು.

ಹದಿನೇಳನೆಯದು ಪರ್ವರಿ.
ಕಟ್ಟಡ ಕಾರ್ಮಿಕರಲ್ಲಿ ಮಲೇರಿಯಾ, ನೂರ ಹನ್ನೆರಡು ಮಂದಿ.
ನಲವತ್ತನೆಯವನು ಹುಲಗಪ್ಪ.
ಮೂರನೆ ಮಹಡಿಯ ಹಸಿ ಸ್ಲ್ಯಾಬಿನ ಮೇಲೆ
ಅಂಗೈಯಗಲ ಒಡ್ಡು ಹಾಕಿ ನೀರು ನಿಲ್ಲಿಸುತ್ತಿದ್ದ.
ಆ ನೀರಿನ ಮೈಗೆ ಮಟ್ಟಸವಾಗಿ ಮಲಗಿದ್ದವು ಸೊಳ್ಳೆಮರಿಗಳು;
ಮಲೇರಿಯಾದವು ಹಾಗೆಯೇ ಮಲಗುತ್ತವೆ, ದುಡಿದು ಬಂದವರ ಹಾಗೆ.
ಹದಿನಾಲ್ಕು ದಿನದ ಗುಳಿಗೆ ಕೊಟ್ಟು
ಒಂದೂ ತಪ್ಪಿಸಬೇಡ ಅಂದೆ.
ಹಲ್ಲು ಕಟಕಟ ಅನ್ನುವ ನಡುವೆಯೇ ನಕ್ಕ:
"ಸ್ಲ್ಯಾಬಿಗೂ ಹದಿನಾಕ ದಿನ ನೀರು,
ನನಗೂ ಹದಿನಾಕ ದಿನ ಗುಳಿಗಿ.
ಯಾವುದು ಮೊದಲ ಗಟ್ಟಿ ಆಕ್ಕೈತಿ ನೋಡೂಣಕ್ಕಾ."

ಗೆದ್ದದ್ದು ಸ್ಲ್ಯಾಬು.
ಅದು ಅವನ ಜ್ವರಕ್ಕಿಂತ ಮೂರು ದಿನ ಹಿರಿದು.
ಹನ್ನೊಂದನೆಯ ಗುಳಿಗೆಯ ಬೆಳಿಗ್ಗೆ ಗುತ್ತಿಗೆದಾರನ ಟೆಂಪೊ ಬಂತು,
ತಗಡು, ಬುಟ್ಟಿ, ಕೂಸು, ಒಲೆಯ ಮೂರು ಕಲ್ಲು ಸಮೇತ
ಎಲ್ಲರನ್ನೂ ತುಂಬಿಕೊಂಡು ಹೋಯಿತು,
ಕಾಣಕೋಣಕ್ಕೋ, ಕಾರವಾರಕ್ಕೋ.
ಕೋಷ್ಟಕದಲ್ಲಿ ಅವನೆದುರು ಬರೆದೆ: ಅನುಸರಣೆಗೆ ಸಿಗಲಿಲ್ಲ.
ಹಾಗೆ ಸಿಗದವರು ಮೂವತ್ತೊಂಬತ್ತು.

ಡಾಕ್ಟರು ಆ ಮೂವತ್ತೊಂಬತ್ತರ ಮೇಲೇ ಒಂದು ಪ್ರಬಂಧ ಬರೆದರು.
ಮೂರು ಪತ್ರಿಕೆಗೆ ಕಳಿಸಿದರು, ಮೂರು ಸಲ ಮರಳಿತು.
ಕೈಗೆ ಸಿಗದವರ ಕುರಿತು ಪುರಾವೆ ಸಾಲದು ಎಂದಿತ್ತು ಕೊನೆಯ ಪತ್ರ.
ಸಿಕ್ಕಿದ್ದರೆ ಬರೆಯುವುದೇನಿತ್ತು?
ಆ ದಿನ ಅವರು ಊಟದ ಡಬ್ಬಿ ತೆರೆಯಲಿಲ್ಲ.
ಮಾರನೆ ದಿನ ಕಾಣಕೋಣದ ಬಸ್ಸು ಹತ್ತಿದೆವು, ನಾವಿಬ್ಬರೇ,
ರಜೆ ಹಾಕಿ, ಚೀಲದಲ್ಲಿ ಗುಳಿಗೆ.
ಎಂಟು ಸೈಟು ಅಲೆದು ಇಬ್ಬರು ಹುಲಗಪ್ಪರನ್ನು ಹುಡುಕಿದೆವು,
ಇಬ್ಬರೂ ಬೇರೆಯವರು.
ಹೋದದ್ದಕ್ಕೆ ಇಬ್ಬರದೂ ಬೆರಳು ಚುಚ್ಚಿ ಬಂದೆವು.

ಪರ್ವರಿಯ ಆ ಕಟ್ಟಡ ಈಗ ಬಸ್ಸಿನಿಂದ ಕಾಣುತ್ತದೆ.
ಮೂರನೆ ಮಹಡಿಯಲ್ಲಿ ಯಾರದೋ ವಾಷಿಂಗ್ ಮಷೀನು,
ಮಗುವಿನ ಸೈಕಲ್ಲು.

ಪಟ್ಟಿ ನಲವತ್ತೇಳಕ್ಕೆ ಮುಗಿಯಿತು.
ಸುಮ್ಮನಿರಲಾರದೆ ನಲವತ್ತೆಂಟು ಎಂದು ಒತ್ತಿ
ಆ ಮರಳಿ ಬಂದದ್ದನ್ನೂ ಸೇರಿಸಿದೆ.
ಡಾಕ್ಟರು ಕನ್ನಡಕ ಏರಿಸಿ ಓದಿದರು.
"ಇದು ಪ್ರಕಟವಾಗಿಲ್ಲ, ಬಾಯ್."
ಹೊಡೆದುಹಾಕಲು ಪೆನ್ನು ತೆಗೆದವರು
ಮುಚ್ಚಳವನ್ನು ಹಲ್ಲಲ್ಲಿ ಕಚ್ಚಿಕೊಂಡೇ ಕೇಳಿದರು:
"ಆ ಹುಡುಗನ ಅಡ್ಡಹೆಸರೇನು?"

ಪೆಟ್ಟಿಗೆ ಎತ್ತಿದೆ. ಹಾಳೆಗಳು ಹಾರಿದವು, ಹಾರಲಿ.
ನಲವತ್ತನೆ ಗಾಜನ್ನು ಕಿಟಕಿಗೆ ಹಿಡಿದರೆ
ಒಂದು ನೇರಳೆ ಕಲೆ, ಪಕ್ಕದಲ್ಲಿ ನನ್ನದೇ ಅವಸರದ ಅಕ್ಷರ:
ಹು., ಪರ್ವರಿ, ಮೂರನೆ ಮಹಡಿ.