ಆಡು ಮುಟ್ಟದ ಸೊಪ್ಪು

ಚಿದ್ರಿ ರಸ್ತೆಯ ನರ್ಸರಿಯಲ್ಲಿ ಜಿಲಾನಿ ಸಾಬ
ಹಸಿರು ಬಲೆಯ ನೆರಳಿಗೆ ಕರೆದು ತೋರಿಸಿದ:
ಕ್ರೋಟನ್ನು, ಇಕ್ಸೋರಾ, ಥಾಯ್ಲೆಂಡಿನ ಏನೋ ಒಂದು.
'ದಿನಾ ಎರಡು ಬಕೀಟು ನೀರು ಹಾಕ್ರಿ ಮೇಡಂ, ಸಾಕು.'
ನಗು ಬಂತು. ನಮ್ಮ ಲೇಔಟಿಗೆ ನಳ ಬರುವುದು
ಐದು ದಿನಕ್ಕೊಮ್ಮೆ, ಅದೂ ರಾತ್ರಿ ಎರಡಕ್ಕೆ.

ಮನೆ ಮುಂದೆ ಹದಿನೆಂಟು ಫೂಟು ಜಾಗ.
ಅಗೆದರೆ ಗುದ್ದಲಿಯೇ ಕೆಂಪಾಗುವ ಮೊರಂ,
ಕೆಳಗೆ ಜೇನುಹಟ್ಟಿಯಂತೆ ತೂತು ತೂತು ಕಲ್ಲು.
ಮೇ ತಿಂಗಳಲ್ಲಿ ಗೇಟಿನ ಚಿಲಕ ಮುಟ್ಟಿದರೆ
ಬೊಬ್ಬೆ ಏಳುತ್ತದೆ.
ಇಲ್ಲಿ ಏನು ಬದುಕೀತು ಅಂತ ತಿಳಿಯಲು
ಭಾನುವಾರ ಗುಡ್ಡಕ್ಕೆ ಹೋದೆ,
ಆಡು ಕಾಯುವ ಗುಂಡಮ್ಮನ ಹಿಂದೆ.

ಆಡು ಮುಟ್ಟದ ಸೊಪ್ಪಿಲ್ಲ ಅಂತಾರಲ್ಲ, ಸುಳ್ಳು.
ಆಕೆಯ ಇಪ್ಪತ್ತೊಂದು ಆಡು
ಬಾರಿಯ ಮುಳ್ಳನ್ನೂ ಬಿಡಲಿಲ್ಲ. ಆದರೆ
ಲಕ್ಕಿಯ ಹತ್ತಿರ ಹೋಗಿ ಮೂಸಿ ಸೀನಿದವು,
ಬಂದರಿಕೆಯ ಅಂಟೆಲೆಗೆ ಮೋರೆ ತಿರುವಿದವು,
ಎದೆಮಟ್ಟ ಬೆಳೆದ ತಂಗಡಿಯನ್ನು
ಹಳದಿ ಹೂವಿನ ಸಮೇತ ಬಿಟ್ಟು ಹೊರಟವು.
'ಇವು ಮೂರು ಹಚ್ಚು,' ಅಂದಳು ಗುಂಡಮ್ಮ,
'ಬೇಲಿ ಬ್ಯಾಡ, ನೀರೂ ಬ್ಯಾಡ.
ಸಸಿ ಕೀಳಬ್ಯಾಡ ಮತ್ತ, ಬೀಜ ಒಯ್ಯಿ.'

ಚಹಾದ ಹೊತ್ತಿಗೆ ಅಪ್ಪನಿಗೆ ಹೇಳಿದೆ.
ಲಕ್ಕಿಗೆ ಹೂಂ ಅಂದ. ಬಂದರಿಕೆಗೆ ಹೂಂ ಅಂದ.
ತಂಗಡಿ ಅಂದಾಗ ಬಸಿ ಕೆಳಗಿಟ್ಟ.

'ಗೇಟಿನ ಮುಂದ ಅದು ಬ್ಯಾಡ.
ಜೀವ ಇದ್ದಾಗ ಆಡು ಅದನ್ನ ಮುಟ್ಟಂಗಿಲ್ಲ, ಖರೆ.
ಸತ್ತ ಮ್ಯಾಲ ಅದರ ತೊಗಲು
ತಂಗಡಿ ತೊಗಟಿ ನೀರಾಗೇ ಬಿದ್ದಿರ್ತಿತ್ತು
ದಿನಗಟ್ಲೆ, ನಮ್ಮ ಕುಣಿಯೊಳಗ.
ನಾ ಸಾಲಿಗಿ ಹೋದ್ರ ಹುಡುಗ್ರು
ನನ್ನ ಅಂಗೈ ಬಣ್ಣ ನೋಡೇ ದೂರ ಕೂಡ್ತಿದ್ರು.'

ಆ ಬಣ್ಣ ನಾನು ನೋಡಿಲ್ಲ.
ನಾನು ಕಂಡ ಅಪ್ಪನ ಅಂಗೈಯಲ್ಲಿದ್ದದ್ದು
ಅಂಚೆ ಕಚೇರಿಯ ಮುದ್ರೆಯ ಮಸಿ, ನೇರಳೆ.

ಲಕ್ಕಿ ಮೂಲೆಗೆ, ಬಂದರಿಕೆ ಗೋಡೆಗುಂಟ.
ಗೇಟಿನ ಬಲಕ್ಕೆ ಏನೂ ಹಚ್ಚಲಿಲ್ಲ.
ತಂಗಡಿ ಬೀಜದ ಪೊಟ್ಟಣ ಗೂಡಿನಲ್ಲಿತ್ತು,
ಅವನ ಬಿಪಿ ಗುಳಿಗೆಗಳ ಪಕ್ಕ, ಎರಡು ತಿಂಗಳು.

ಮೊದಲ ಮಳೆ ಬಿದ್ದ ದಿನ, ಪೇಪರಿನಿಂದ ಮುಖ ಎತ್ತದೆ,
'ಅದರ ಬೀಜ ಭಾಳ ಗಟ್ಟಿ,' ಅಂದ ಅಪ್ಪ.
'ಕುದಿಯೋ ನೀರು ಹೊಯ್ದು ಒಂದು ರಾತ್ರಿ ಬಿಡಬೇಕು,
ಇಲ್ಲಂದ್ರ ಕಣ್ಣು ಬಿಡಂಗಿಲ್ಲ.'

ಪುಟ ತಿರುವಿದ.
'ಎಷ್ಟವ?'

ನಾನು ಎಣಿಸಿರಲಿಲ್ಲ.