ಕಂಬಿ ಗಂಟೆ

ರೈಲೇ ಬಾರದ ಜಿಲ್ಲೆ ನಮ್ಮದು;
ಕಾಲೇಜಿನ ಗಂಟೆ ಮಾತ್ರ ರೈಲು ಕಂಬಿಯ ತುಂಡು.
ಮೈಸೂರಿಂದ ಲಾರಿಯಲ್ಲಿ ತಂದವರು
ತರ್ಕಶಾಸ್ತ್ರದ ಬೆಳ್ಯಪ್ಪ ಮೇಷ್ಟ್ರು.
ಹೇಗೆ ಸಿಕ್ಕಿತೆಂದು ಹೇಳಲಿಲ್ಲ.

ಮೊದಲ ವರ್ಷ ಗೋಣಿಕೊಪ್ಪದ ಗೋದಾಮಿನಲ್ಲಿ
ಹನ್ನೊಂದು ಮಂದಿ, ಕುರ್ಚಿ ಒಂಬತ್ತು.
'ಹೊಗೆಯಿದ್ದಲ್ಲಿ ಬೆಂಕಿ' ಎನ್ನುವಷ್ಟರಲ್ಲಿ
ಕಾಳುಮೆಣಸಿನ ಘಾಟಿಗೆ
ಎಲ್ಲರಿಗೂ ಸೀನು.

ಆಮೇಲೆ ಕಟ್ಟಡ. ಆಮೇಲೆ ಸುತ್ತೋಲೆ:
'ತರ್ಕಶಾಸ್ತ್ರಕ್ಕೆ ಮಕ್ಕಳಿಲ್ಲ, ಮುಚ್ಚಿ.'
ಆ ವರ್ಷ ಸೇರಿದ್ದು ಒಬ್ಬಳೇ,
ತಿತಿಮತಿ ಹಾಡಿಯ ಚೋಮಿ.
ಮೇಷ್ಟ್ರು ಸುತ್ತೋಲೆ ಮಡಚಿ ಕುರ್ಚಿಯ ಕಾಲಿಗಿಟ್ಟರು;
ಮೂರು ವರ್ಷ
ಒಂದೇ ಹೆಸರಿನ ಹಾಜರಿ ಕೂಗಿದರು.

ಈಗ ವಿಶ್ವವಿದ್ಯಾಲಯ.
ಬೋರ್ಡಿನ ಹೊಸ ಬಣ್ಣದಡಿಯಿಂದ
ಕಕ್ಕಡದ ಮಳೆಗೆ 'ಕಾಲೇಜು' ಇಣುಕುತ್ತದೆ.
ಬೆಲ್ಲು ಕರೆಂಟಿನದು. ಕರೆಂಟು ಹೋದಾಗ
ಚೋಮಿ ಮೇಡಂ ತಾವೇ ಬಂದು
ಕಂಬಿ ಬಡಿಯುತ್ತಾರೆ,
ಲೆಕ್ಕಕ್ಕಿಂತ ಒಂದೇಟು ಹೆಚ್ಚು.