ನಂಜುಮಳಿಗೆ ಸರ್ಕಲ್ಲಿನ ಬಜೆಟ್ಟು

ಬಜೆಟ್ಟಿನ ಮಾರನೇ ಬೆಳಿಗ್ಗೆ, ಭಾನುವಾರ.
ನಂಜುಮಳಿಗೆ ಸರ್ಕಲ್ಲಿನಲ್ಲಿ ಗವಿರಂಗನ ಕಟಿಂಗ್ ಅಂಗಡಿ,
ಎರಡೇ ಕುರ್ಚಿ, ಎದುರುಬದುರು ಕನ್ನಡಿ.
ಒಂದರೊಳಗೊಂದು ಹೊಕ್ಕು ಹೋಗುತ್ತ ಹೋಗುತ್ತ
ನಾನೇ ನೂರು ಜನ ಸಾಲಾಗಿ ಕೂತಂತೆ,
ಕೊನೆಯವನ ಮುಖ ಮಾತ್ರ ಹಸಿರು ಮಬ್ಬು.

ಗೋಡೆಯ ಟೀವಿಯಲ್ಲಿ ಆರು ಚೌಕ, ಆರು ಬಾಯಿ.
ಮಧ್ಯಮ ವರ್ಗವೇ ದೇಶದ ಬೆನ್ನೆಲುಬು, ಅನ್ನುತ್ತಾನೆ ಒಬ್ಬ.
ಅದಕ್ಕೇ ಅಲ್ವೇ ಸ್ವಾಮಿ ಹೊರೆಯೆಲ್ಲ ಅದರ ಮೇಲೇ ಹೇರೋದು!
ಇನ್ನೊಬ್ಬ.
ಆ್ಯಂಕರ್ ಹುಡುಗಿ ಬ್ರೇಕ್ ತಗೊಳ್ಳುತ್ತಾಳೆ,
ಬ್ರೇಕಿನಲ್ಲಿ ಮ್ಯೂಚುವಲ್ ಫಂಡು.

ಬೆಂಚಿನ ಮೇಲೆ ಶೇಷಗಿರಿ, ರೈಲ್ವೆ ವರ್ಕ್‌ಶಾಪಿನಿಂದ ರಿಟೈರಾದವರು:
"ಇಷ್ಟು ಲಕ್ಷದವರೆಗೆ ತೆರಿಗೇನೇ ಇಲ್ಲ, ಇನ್ನೇನ್ರೀ ಬೇಕು ನಿಮಗೆ?"
ಬೆಟ್ಟಸ್ವಾಮಿ ಮೇಷ್ಟ್ರು ಪೇಪರು ಮಡಚಿ ಮೊಣಕಾಲಿಗೆ ಬಡಿದರು:
"ಈ ಕೈಲಿ ಕೊಟ್ಟು ಆ ಕೈಲಿ ಎಣ್ಣೆ ಪ್ಯಾಕೆಟ್ಟಲ್ಲಿ ಕಿತ್ಕೊಂಡ್ರೆ
ಅದೂ ಒಂದು ಕೊಡೋದಾ?"
"ಬಿಟ್ಟಿ ಕೊಟ್ಟೂ ಕೊಟ್ಟೂ ಜನಾನ ಕೆಡಿಸಿದ್ದು ನಿಮ್ಮೋರು!"
"ಸಾಹುಕಾರರ ಸಾಲಕ್ಕೆ ಎಳ್ಳುನೀರು ಬಿಟ್ಟದ್ದು ಬಿಟ್ಟಿ ಅಲ್ವೋ?"
ಬೆಂಚು ಒಂದೇ, ಐದಡಿ.
ಇಬ್ಬರೂ ಒಂದೊಂದು ತುದಿಗೆ ಸರಿದು
ನಡುವೆ ಒಬ್ಬ ಕೂರುವಷ್ಟು ಜಾಗ ಖಾಲಿ ಬಿತ್ತು.

ನನಗೂ ಹೇಳುವುದಿತ್ತು.
ರೇಷ್ಮೆ ಕಾರ್ಖಾನೆಯ ಲೆಕ್ಕದ ಸೆಕ್ಷನ್ನಿನಲ್ಲಿ ಇಪ್ಪತ್ತೆರಡು ವರ್ಷ
ಜರಿಯ ತೂಕವನ್ನು ಗ್ರಾಮುಗಳಲ್ಲಿ ಬರೆದವನು.
ಹಳೇ ಪದ್ಧತಿಯೋ ಹೊಸ ಪದ್ಧತಿಯೋ ಅಂತ
ರಾತ್ರಿ ಎರಡು ಹಾಳೆ ಲೆಕ್ಕ ಹಾಕಿದ್ದೆ:
ಮಗಳ ಫೀಸು, ಮನೆಸಾಲದ ಬಡ್ಡಿ, ಅಪ್ಪನ ಬಿಪಿ ಮಾತ್ರೆ;
ಒಂದರಲ್ಲಿ ಉಳಿದದ್ದು ಇನ್ನೊಂದರಲ್ಲಿ ಸೋರಿ
ವರ್ಷಕ್ಕೆ ಕೊನೆಗೆ ಕೈಗೆ ಹತ್ತುವುದು
ನಮ್ಮದೇ ಶೋರೂಮಿನ ಸೀರೆಯಲ್ಲಿ
ಸೆರಗಿನಷ್ಟು.

ಬಾಯಿ ತೆರೆದೆ. ಗವಿರಂಗ ಗದ್ದ ಎತ್ತಿದ.
ಕತ್ತಿನ ಮೇಲೆ ಕತ್ತಿ.
ನೊರೆಯ ಜೊತೆಗೆ ನನ್ನ ಅಭಿಪ್ರಾಯವನ್ನೂ ಹೆರೆದು
ಹಳೇ ಪೇಪರಿನ ತುಂಡಿಗೆ ಬಳಿದ.
ಹೋದ ವರ್ಷದ ಫೆಬ್ರವರಿಯ ಪುಟ ಅದು,
ಆಗಲೂ ಮಧ್ಯಮ ವರ್ಗಕ್ಕೆ ಬಂಪರ್.

ಆಗ ಕಂಡದ್ದು ರೇಟಿನ ಬೋರ್ಡು.
ಸೀಮೆಸುಣ್ಣದಲ್ಲಿ ಅಳಿಸಿ ಬರೆದ ಅಂಕಿ:
ನೂರಿಪ್ಪತ್ತು ಇದ್ದದ್ದು ನೂರಮೂವತ್ತು.
"ಏನಯ್ಯಾ, ನೀನೂ ಶುರು ಹಚ್ಕೊಂಡ್ಯಾ?" ಶೇಷಗಿರಿ.
"ಒಂದೇ ಏಟಿಗೆ ಹತ್ರುಪಾಯಾ?" ಮೇಷ್ಟ್ರು.
ಲಕ್ಷ ಕೋಟಿಗಳಲ್ಲಿ ಅರ್ಧ ಗಂಟೆ ಒಪ್ಪದವರು
ಹತ್ತು ರೂಪಾಯಿಗೆ ಒಪ್ಪಿ
ಬೆಂಚಿನ ನಡುವಿಗೆ ಸರಿದು ಕೂತರು.
ನಾನೂ ಹೌದೆಂದು ತಲೆ ಆಡಿಸಿದೆ,
ಕನ್ನಡಿಯ ನೂರು ಜನವೂ ಆಡಿಸಿದರು, ಮಬ್ಬಿನವನೂ ಸೇರಿ.

ಗವಿರಂಗ ಬ್ಲೇಡನ್ನು ಮುರಿದು ಅರ್ಧ ಹಾಕಿದ,
ಅರ್ಧ ಕಾಗದದಲ್ಲಿ ಸುತ್ತಿಟ್ಟ.
ಆಮೇಲೆ ಕಿವಿಯ ಹಿಂದೆ ಸರಿಮಾಡುತ್ತ, ನನಗಷ್ಟೇ ಕೇಳುವ ಹಾಗೆ:
"ಈ ಪೌಡ್ರಿಗೂ ಜಿಎಸ್‌ಟಿ ಕೊಡ್ತೀನಿ ಸಾರ್.
ಮಗನ ಹೆಸರಲ್ಲಿ ಸೆಕೆಂಡ್ ಹ್ಯಾಂಡ್ ಕಾರೈತೆ ಅಂತ ರೇಷನ್ ಕಾರ್ಡ್ ತೆಗೆದ್ರು,
ಬಾಡಿಗೆ ಓಡಿಸ್ತಾನೆ, ಕಂತು ಇನ್ನೂ ಐತೆ.
ಬ್ಯಾಂಕಿಗೆ ಹೋದ್ರೆ ಆದಾಯ ಸಾಲ್ದು ಅಂದ್ರು.
ಅಲ್ಲಿ ಜಾಸ್ತಿ, ಇಲ್ಲಿ ಕಮ್ಮಿ.
ನಾನು ಯಾವ ವರ್ಗದಲ್ಲಿ ಬರ್ತೀನಿ?"

ಲೆಕ್ಕದವನು ನಾನು. ಸ್ಲ್ಯಾಬುಗಳೆಲ್ಲ ಬಾಯಿಪಾಠ,
ಇಷ್ಟರಿಂದ ಇಷ್ಟಕ್ಕೆ ಇಷ್ಟು ಅಂತ ನಿದ್ದೆಯಲ್ಲೂ ಹೇಳುತ್ತೇನೆ.
"ಮೀಸೆ ಸ್ವಲ್ಪ ಸಣ್ಣ ಮಾಡಪ್ಪ" ಅಂದೆ.

ನೂರೈವತ್ತು ಕೊಟ್ಟೆ.
ಚಿಲ್ಲರೆ ಇರಲಿ ಅನ್ನೋಣ ಅಂದುಕೊಂಡೇ ಕೈ ಚಾಚಿದ್ದೆ.
ಇಪ್ಪತ್ತು ವಾಪಸು ಇಟ್ಟ.
ಜೇಬಿಗೆ ಹಾಕಿಕೊಂಡೆ.

ಮಾನಂದವಾಡಿ ರಸ್ತೆಯ ಬಿಸಿಲಿಗೆ ಇಳಿದಾಗ
ಗದ್ದದ ಕೆಳಗೆ ಎಲ್ಲೋ ಸಣ್ಣಗೆ ಕುಯ್ದಿತ್ತು,
ರಕ್ತ ಇರಲಿಲ್ಲ,
ಮನೆಯವರೆಗೂ ಪಟಿಕದ ಉರಿ.